ಅಲ್ಗೋನಾಕ್‌ನ ದೋಣಿಕಾರ: ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್

ಮಿಶಿಗನ್‌ನ ಸರೋವರಗಳ ದಕ್ಕೆಗಳಲ್ಲಿ ಬೇಸಗೆ ಬಂತೆಂದರೆ ಹಳೆಯ ಮರದ ಮೋಟಾರು ದೋಣಿಗಳು ಸಾಲುಗಟ್ಟಿ ನಿಲ್ಲುತ್ತವೆ. ಜೇನುಬಣ್ಣದ ಮಹೋಗನಿ ಹಲಗೆಗಳು, ಹತ್ತಾರು ಸಲ ಬಳಿದ ವಾರ್ನಿಷ್‌ನ ಹೊಳಪು, ಮುಂಗೊನೆಯ ಮೇಲೆ ಬೆಳ್ಳಿಯಂತೆ ಮಿನುಗುವ ಲೋಹದ ದೀಪ. ಅವುಗಳಲ್ಲಿ ಬಹುಪಾಲಿನ ಮೈಮೇಲೆ ಓರೆ ಅಕ್ಷರಗಳಲ್ಲಿ ಬರೆದಿರುವ ಹೆಸರು ಒಂದೇ: ಕ್ರಿಸ್-ಕ್ರಾಫ್ಟ್. ನೋಡಲು ಬಂದವರಲ್ಲಿ ಅನೇಕರು ಅದನ್ನು ಯಾವುದೋ ಜಾಹೀರಾತಿನವರು ಹೊಸೆದ ಪದವೆಂದು ಭಾವಿಸುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಇಲ್ಲಿ ವೈದ್ಯವೃತ್ತಿಯಲ್ಲಿರುವ ನಾನು ಬಿಡುವಿನ ವೇಳೆಯಲ್ಲಿ ಈ ದೋಣಿಗಳ ಹಿಂದೆ ಬಿದ್ದು ಹಲವು ವರ್ಷಗಳಾದವು. ಮಣಿಕಟ್ಟಿನ ಎಕ್ಸ್-ರೇ ನೋಡಿ ಮಗುವಿನ ವಯಸ್ಸನ್ನು ಅಂದಾಜು ಮಾಡುವ ಅಭ್ಯಾಸವುಳ್ಳವನಿಗೆ, ಮೂತಿಯ ಬಾಗು ಮತ್ತು ಗಾಜಿನ ಓರೆಯನ್ನು ನೋಡಿ ದೋಣಿಯ ವಯಸ್ಸನ್ನು ಹೇಳುವ ಆಟ ಬೇಗನೆ ಹಿಡಿಸಿತು. ಆದರೆ ಆಕಾರವನ್ನಷ್ಟೇ ಕಲಿತರೆ ಸಾಲದು. ಈ ದೋಣಿಗಳು ಕಾಲಕಾಲಕ್ಕೆ ಏಕೆ ರೂಪ ಬದಲಿಸಿದವೆಂಬುದು ಅವನ್ನು ಕಟ್ಟಿದವನ ಬದುಕಿನಿಂದಲ್ಲದೆ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ.

ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಹುಟ್ಟಿದ್ದು 1861ರ ಮೇ ತಿಂಗಳಿನಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಒಂದು ತಿಂಗಳಷ್ಟೇ ಆಗಿದ್ದಾಗ. ಊರು ಅಲ್ಗೋನಾಕ್, ಡೆಟ್ರಾಯಿಟ್‌ನಿಂದ ಈಶಾನ್ಯಕ್ಕೆ ಸುಮಾರು 40 ಮೈಲಿ. ಹ್ಯೂರನ್ ಸರೋವರದಿಂದ ಇಳಿದುಬರುವ ಸೇಂಟ್ ಕ್ಲೇರ್ ನದಿ ಇಲ್ಲಿ ಹಲವು ಕವಲುಗಳಾಗಿ ಒಡೆದು ಸೇಂಟ್ ಕ್ಲೇರ್ ಸರೋವರವನ್ನು ಸೇರುತ್ತದೆ. ಕವಲುಗಳ ನಡುವೆ ಜೊಂಡು ಬೆಳೆದ ಜೌಗು, ಮರಳದಿಣ್ಣೆಗಳು, ಮೊಣಕಾಲುದ್ದದ ನೀರು. ಸಮುದ್ರಕ್ಕೆ ಸೇರದ, ಸಿಹಿನೀರಿಗೇ ಸೇರುವ ನದೀಮುಖಜ ಭೂಮಿಗಳಲ್ಲಿ ಇದು ಬಹು ದೊಡ್ಡದು. ಎದುರು ದಡ ಕೆನಡಾ. ವಲಸೆಯ ಬಾತುಕೋಳಿಗಳು ಶರತ್ಕಾಲದಲ್ಲಿ ಲೆಕ್ಕವಿಲ್ಲದಷ್ಟು ಇಲ್ಲಿ ಇಳಿಯುತ್ತಿದ್ದವು. ಊರಿನಲ್ಲಿ ಹಡಗು ಕಟ್ಟುವ ಕೆಲಸವೂ ಇತ್ತು, ಮರವೂ ಇತ್ತು. ಹೀಗೆ ನೀರು, ಹಕ್ಕಿ, ಮರ ಈ ಮೂರರ ನಡುವೆ ಆ ಹುಡುಗ ಬೆಳೆದ.

ಅಣ್ಣ ಹೆನ್ರಿಯೂ ಅವನೂ ಮೊದಲು ಬೇಟೆಗಾರರು. ಆ ಕಾಲದಲ್ಲಿ ಬಾತುಕೋಳಿಯ ಬೇಟೆ ಹವ್ಯಾಸವಲ್ಲ, ಕಸುಬು. ಹೊಡೆದ ಹಕ್ಕಿಗಳು ಪಟ್ಟಣದ ಹೋಟೆಲುಗಳಿಗೆ ಹೋಗುತ್ತಿದ್ದವು. ಬೇಟೆಗೆ ಎರಡು ಮರದ ವಸ್ತುಗಳು ಬೇಕು. ಒಂದು, ಹಕ್ಕಿಗಳನ್ನು ನಂಬಿಸಿ ಕೆಳಗಿಳಿಸುವ ಹುಸಿ ಬಾತು. ಇನ್ನೊಂದು, ಜೊಂಡಿನ ನಡುವೆ ಸದ್ದಿಲ್ಲದೆ ನುಸುಳುವ, ತಗ್ಗು ಮೈಯ, ಹಗುರವಾದ ದೋಣಿ. ಸ್ಮಿತ್ ಎರಡನ್ನೂ ಕೆತ್ತಿದ. ಅವನು ಕೆತ್ತಿದ ಹುಸಿ ಬಾತುಗಳನ್ನು ಇಂದು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ. ಮೊದಲ ದೋಣಿಯನ್ನು 1874ರಲ್ಲಿ, 13ನೆಯ ವಯಸ್ಸಿನಲ್ಲಿ ಕಟ್ಟಿದನೆಂದು ಪ್ರತೀತಿ. ಕಂಪನಿ ಇಂದಿಗೂ ತನ್ನ ಹುಟ್ಟನ್ನು ಆ ವರ್ಷದಿಂದಲೇ ಎಣಿಸುತ್ತದೆ. ನಮ್ಮ ಹಳ್ಳಿಗಳ ಹಿರಿಯರು ದೊಡ್ಡ ಬರಗಾಲದ ವರ್ಷ ಹುಟ್ಟಿದೆವೆಂದು ಹೇಳುವಾಗ ವೈದ್ಯನಾದವನು ಅದನ್ನು ಹೇಗೆ ಬರೆದುಕೊಳ್ಳುತ್ತಾನೋ ಹಾಗೆಯೇ ನಾನು ಇದನ್ನು ಬರೆದುಕೊಂಡಿದ್ದೇನೆ. ಹುಡುಗನೊಬ್ಬ ದೋಣಿ ಕಟ್ಟಿದ್ದು ನಿಜವಿರಬಹುದು. ಅದನ್ನು ಕಂಪನಿಯ ಸ್ಥಾಪನೆ ಎನ್ನುವುದು ಮಾರಾಟಗಾರರ ಜಾಣ್ಮೆ.

ಅಣ್ಣತಮ್ಮಂದಿರು ದೋಣಿ ಕಟ್ಟುವುದನ್ನೇ ಪೂರ್ಣಾವಧಿಯ ಕಸುಬಾಗಿ ಹಿಡಿದದ್ದು 1881ರಲ್ಲಿ. ಡೆಟ್ರಾಯಿಟ್‌ನ ಸಿರಿವಂತರು ವಾರಾಂತ್ಯಕ್ಕೆ ಬೇಟೆಗೆಂದು ಜೌಗಿಗೆ ಬರುತ್ತಿದ್ದರು. ಸ್ಮಿತ್ ಸಹೋದರರು ಅವರಿಗೆ ದಾರಿ ತೋರಿಸುವರು. ಹಾಗೆ ಬಂದವರು ತಾವು ಕುಳಿತ ದೋಣಿಯನ್ನು ಮೆಚ್ಚಿ ತಮಗೂ ಅಂಥದೊಂದು ಬೇಕೆನ್ನುವರು. ಸ್ಮಿತ್ ನಕ್ಷೆ ಬರೆದು ಕಟ್ಟುವವನಲ್ಲ. ಕೈಯಳತೆ, ಕಣ್ಣಳತೆ; ಹೆಚ್ಚೆಂದರೆ ಮರದ ತುಂಡಿನಲ್ಲಿ ದೋಣಿಯ ಅರ್ಧಮೈಯನ್ನು ಕೆತ್ತಿ, ಬೆರಳಾಡಿಸಿ ನೋಡಿ, ಅದನ್ನೇ ದೊಡ್ಡದು ಮಾಡುವುದು. ನಮ್ಮ ಕರಾವಳಿಯಲ್ಲಿ ಹಳೆಯ ತಲೆಮಾರಿನ ಆಚಾರಿಗಳು ದೋಣಿ ಕಟ್ಟುತ್ತಿದ್ದುದೂ ಹೀಗೆಯೇ. ಈ ವಿದ್ಯೆಗೆ ಒಂದು ಗುಣವಿದೆ, ಒಂದು ದೋಷವಿದೆ. ಕಟ್ಟುವವನ ಕಣ್ಣು ಚೆನ್ನಾಗಿದ್ದರೆ ದೋಣಿ ಚೆನ್ನಾಗಿರುತ್ತದೆ. ಆದರೆ ಅದೇ ದೋಣಿಯನ್ನು ಮತ್ತೊಬ್ಬ, ಮತ್ತೊಮ್ಮೆ, ಹಾಗೆಯೇ ಕಟ್ಟಲಾರ. ಸ್ಮಿತ್‌ನ ಮುಂದಿನ ಬದುಕೆಲ್ಲ ಈ ಗುಣದ ಬಲದಿಂದ ಬೆಳೆದದ್ದು, ಈ ದೋಷವನ್ನು ದಾಟಲು ಹೆಣಗಿದ್ದು.

1890ರ ದಶಕದಲ್ಲಿ ಸಹೋದರರು ದೋಣಿಗೆ ಪುಟ್ಟ ಎಂಜಿನ್ ಕೂರಿಸಿದರು. ಹುಟ್ಟು ಹಾಕುವ ಶ್ರಮ ತಪ್ಪಿತು. ಆದರೆ ವೇಗ ಅಷ್ಟೇನೂ ಏರಲಿಲ್ಲ. ಕಾರಣ ಎಂಜಿನ್ನಿನ ದುರ್ಬಲತೆಯಷ್ಟೇ ಅಲ್ಲ, ನೀರಿನ ಸ್ವಭಾವ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೊಂದು ಅಲೆಯನ್ನು, ಹಿಂದೊಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಈ ಅಲೆಗಳ ನಡುವಿನ ಅಂತರವೂ ಹೆಚ್ಚಿ, ಒಂದು ಹಂತದಲ್ಲಿ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ತಾನೇ ಹತ್ತಬೇಕು. 20 ಅಡಿ ಉದ್ದದ ದೋಣಿಗೆ ಈ ಗಡಿ ಗಂಟೆಗೆ ಸುಮಾರು 6 ನಾಟಿಕಲ್ ಮೈಲಿ. ಇದನ್ನು ಮೀರಬೇಕಾದರೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಏರಿ ಜಾರಬೇಕು. ಹುಡುಗರು ಕೆರೆಯಲ್ಲಿ ಎಸೆಯುವ ಚಪ್ಪಟೆ ಕಲ್ಲು ಕುಪ್ಪಳಿಸಿ ಹೋಗುವ ಹಾಗೆ. ಅದಕ್ಕೆ ತಳ ಚಪ್ಪಟೆಯಾಗಬೇಕು, ಮೈ ಹಗುರವಾಗಬೇಕು, ಎಂಜಿನ್ ಬಲವಾಗಬೇಕು. ತಳದ ನಡುವೆ ಅಡ್ಡಲಾಗಿ ಒಂದು ಮೆಟ್ಟಿಲು ಕೊಟ್ಟರೆ ಅಲ್ಲಿ ಗಾಳಿ ನುಗ್ಗಿ, ನೀರಿಗಂಟುವ ಮೈ ಇನ್ನೂ ಕಡಿಮೆಯಾಗುತ್ತದೆ. ಮೆಟ್ಟಿಲು ತಳದ ಈ ದೋಣಿಗಳೇ ಹೈಡ್ರೋಪ್ಲೇನ್‌ಗಳು. ಸ್ಮಿತ್ ಇದನ್ನು ಗಣಿತದಿಂದ ಕಲಿಯಲಿಲ್ಲ, ಕಟ್ಟಿ ಓಡಿಸಿ ಕಲಿತ.

ಹಾಗೆ ಕಟ್ಟಿ ಓಡಿಸುವುದಕ್ಕೆ ಹಣ ಬೇಕು. 1910ರ ಸುಮಾರಿಗೆ ಹಣವಂತನೊಬ್ಬ ಒದಗಿದ: ಜಾನ್ ರಯಾನ್, ವೇಗದ ಹುಚ್ಚಿನ, ಜೂಜಿನ ಮನೋಧರ್ಮದ ಮನುಷ್ಯ. ಇಬ್ಬರೂ ಸೇರಿ ಸ್ಮಿತ್-ರಯಾನ್ ಎಂಬ ಕಂಪನಿ ಕಟ್ಟಿದರು. ರಿಲಯನ್ಸ್, ಬೇಬಿ ರಿಲಯನ್ಸ್ ಎಂಬ ಹೆಸರಿನ ಪಂದ್ಯದ ದೋಣಿಗಳು ಗಂಟೆಗೆ 50 ಮೈಲಿಯ ಆಸುಪಾಸಿನಲ್ಲಿ ಓಡಿ ಹೆಸರಾದವು. ಆದರೆ ರಯಾನ್‌ನ ಹಣ ಬೇಗನೆ ಕರಗಿತು. ಆಮೇಲೆ ಬಂದವನು ಸ್ಟುವರ್ಟ್ ಬ್ಲ್ಯಾಕ್‌ಟನ್, ವಿಟಾಗ್ರಾಫ್ ಎಂಬ ಮೂಕಿಚಿತ್ರ ಸಂಸ್ಥೆಯ ಸ್ಥಾಪಕರಲ್ಲೊಬ್ಬ. ಅವನ ಕುಟುಂಬಕ್ಕೆ ಸ್ಮಿತ್ ಕಟ್ಟಿಕೊಟ್ಟ ಬೇಬಿ ಸ್ಪೀಡ್ ಡೀಮನ್ 1914ರಲ್ಲಿ ಲೇಕ್ ಜಾರ್ಜ್‌ನಲ್ಲಿ ಗೋಲ್ಡ್ ಕಪ್ ಗೆದ್ದಿತು. ಅಮೆರಿಕದ ಮೋಟಾರು ದೋಣಿ ಪಂದ್ಯಗಳಲ್ಲಿ ಅದಕ್ಕಿಂತ ದೊಡ್ಡ ಬಹುಮಾನವಿರಲಿಲ್ಲ. ಮರುವರ್ಷ ಡೆಟ್ರಾಯಿಟ್‌ನ ನಾಗರಿಕರು ಚಂದಾ ಎತ್ತಿ ಮಿಸ್ ಡೆಟ್ರಾಯಿಟ್ ಎಂಬ ದೋಣಿಯನ್ನು ಸ್ಮಿತ್‌ನಿಂದ ಕಟ್ಟಿಸಿ, ನ್ಯೂಯಾರ್ಕ್ ಬಳಿಯ ಮ್ಯಾನ್‌ಹ್ಯಾಸೆಟ್ ಕೊಲ್ಲಿಗೆ ಕಳುಹಿಸಿ, ಕಪ್ಪನ್ನು ತಮ್ಮೂರಿಗೆ ತಂದರು. ಗೆದ್ದ ಊರಿನಲ್ಲೇ ಮುಂದಿನ ಪಂದ್ಯವೆಂಬುದು ನಿಯಮ. 1916ರಲ್ಲಿ ಡೆಟ್ರಾಯಿಟ್‌ಗೆ ಬಂದು ಗೆದ್ದ ಮಿಸ್ ಮಿನಿಯಾಪೊಲಿಸ್ ಕೂಡ ಸ್ಮಿತ್ ಕಟ್ಟಿದ್ದೇ ಆಗಿತ್ತು! ಹೊರಗಿನಿಂದ ನೋಡಿದರೆ ವೈಭವ. ಒಳಗೆ, ಮೂವತ್ತೈದು ವರ್ಷ ದುಡಿದ ಕಸುಬುದಾರನ ಕೈಯಲ್ಲಿ ಉಳಿದದ್ದು ಅಲ್ಪ. ಒಬ್ಬೊಬ್ಬ ಪೋಷಕನ ಉತ್ಸಾಹವೇ ಆ ವರ್ಷದ ಅನ್ನ.

ಮಿಸ್ ಡೆಟ್ರಾಯಿಟ್ ಕಟ್ಟಿಸಿದ ಸಂಘಕ್ಕೆ ಸಾಲ ಉಳಿದುದರಿಂದ ದೋಣಿಯನ್ನು ಮಾರಬೇಕಾಯಿತು. 1916ರಲ್ಲಿ ಅದನ್ನು ಕೊಂಡವನು ಗಾರ್ ವುಡ್. ಲಾರಿಯ ಹಿಂಬದಿಯ ತೊಟ್ಟಿಯನ್ನು ದ್ರವದ ಒತ್ತಡದಿಂದ ಎತ್ತುವ ಯಂತ್ರವನ್ನು ರೂಪಿಸಿ ಕೋಟ್ಯಧೀಶನಾದವನು ಅವನು. ದೋಣಿಯನ್ನು ಕೊಂಡು ಸುಮ್ಮನಾಗದೆ, ಅದನ್ನು ಕಟ್ಟಿದ ಕಾರ್ಖಾನೆಯಲ್ಲೂ ಪಾಲು ಕೊಂಡ. ಮುಂದಿನ ಐದಾರು ವರ್ಷ ಸ್ಮಿತ್‌ನ ಕಣ್ಣು, ವುಡ್‌ನ ಹಣ ಮತ್ತು ಎದೆಗಾರಿಕೆ, ನೆಪೋಲಿಯನ್ ಲಿಸೀ ಎಂಬ ಅಪ್ರತಿಮ ಬಡಗಿಯ ಕೈ ಒಂದಾದವು. ದೋಣಿಗೆ ವಿಮಾನದ ಎಂಜಿನ್ ಕೂರಿಸುವ ಯೋಚನೆ ಬಲಗೊಂಡದ್ದು ಆಗಲೇ. 1920ರಲ್ಲಿ ತಲಾ ಸುಮಾರು 400 ಅಶ್ವಶಕ್ತಿಯ ಎರಡು ಲಿಬರ್ಟಿ ಎಂಜಿನ್‌ಗಳನ್ನು ಹೊತ್ತ ಮಿಸ್ ಅಮೆರಿಕ ಇಂಗ್ಲೆಂಡಿನ ಐಲ್ ಆಫ್ ವೈಟ್ ಬಳಿ ಓಡಿ ಹಾರ್ಮ್ಸ್‌ವರ್ತ್ ಪಾರಿತೋಷಕವನ್ನು ಗೆದ್ದುಕೊಂಡು ಬಂತು. ಅದೇ ವರ್ಷ ಡೆಟ್ರಾಯಿಟ್ ನದಿಯಲ್ಲಿ ಗಂಟೆಗೆ 74.87 ಮೈಲಿ ವೇಗದ ವಿಶ್ವದಾಖಲೆ. ವುಡ್ 1917ರಿಂದ 1921ರವರೆಗೆ ಸತತ ಐದು ಬಾರಿ ಗೋಲ್ಡ್ ಕಪ್ ಗೆದ್ದ. ಇತಿಹಾಸ ನೆನಪಿಟ್ಟುಕೊಂಡದ್ದು ಚುಕ್ಕಾಣಿ ಹಿಡಿದವನನ್ನು. ಮೋಟಾರು ದೋಣಿಗಳ ಕತೆ ಹೇಳುವ ಅನೇಕರು ಇಂದಿಗೂ ಸ್ಮಿತ್‌ನನ್ನು ವುಡ್‌ನ ಕೆಲಸಗಾರನಂತೆ ಕಾಣಿಸುತ್ತಾರೆ; ಅದು ಅನ್ಯಾಯವೆಂದೇ ನನ್ನ ಭಾವನೆ. ವುಡ್ ಬರುವ ಮುನ್ನವೇ ಮೂರು ವರ್ಷ ಸತತವಾಗಿ ಗೋಲ್ಡ್ ಕಪ್ ಗೆದ್ದ ದೋಣಿಗಳು ಅಲ್ಗೋನಾಕ್‌ನ ಆ ಕೊಟ್ಟಿಗೆಯಿಂದ ಹೊರಟಿದ್ದವು.

1922ರಲ್ಲಿ, ಅರವತ್ತು ದಾಟಿದ ಸ್ಮಿತ್, ವುಡ್‌ನಿಂದ ಬೇರೆಯಾದ. ಜೇ, ಬರ್ನಾರ್ಡ್, ಓವನ್, ಹ್ಯಾಮಿಲ್ಟನ್ ಈ ಮಕ್ಕಳೊಡನೆ ಕ್ರಿಸ್ ಸ್ಮಿತ್ ಆ್ಯಂಡ್ ಸನ್ಸ್ ಎಂಬ ಹೊಸ ಕಂಪನಿ ಆರಂಭಿಸಿದ. ಲಿಸೀ ವುಡ್‌ನ ಬಳಿಯೇ ಉಳಿದ. ಈ ಬಿಡುಗಡೆಯ ಹಿಂದೆ ಜಗಳವನ್ನು ಹುಡುಕುವವರಿದ್ದಾರೆ. ನನಗೆ ಕಾಣುವುದು ಲೆಕ್ಕಾಚಾರ. ವುಡ್‌ಗೆ ಬೇಕಾಗಿದ್ದುದು ಪ್ರತಿ ವರ್ಷ ಹಿಂದಿನದನ್ನು ಮೀರಿಸುವ ಒಂದೇ ಒಂದು ದೋಣಿ. ಸ್ಮಿತ್ ಕುಟುಂಬಕ್ಕೆ, ಅದರಲ್ಲೂ ವ್ಯವಹಾರ ಹಿಡಿದ ಜೇಗೆ, ಬೇಕಾಗಿದ್ದುದು ಒಂದೇ ಬಗೆಯ ಹಲವು ದೋಣಿಗಳು, ನಿಗದಿಯಾದ ಬೆಲೆ, ತಿಂಗಳಿಗೆ ತಪ್ಪದ ಸಂಬಳ. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡ್ ಕಾರಿಗೆ ಮಾಡಿದ್ದನ್ನು ದೋಣಿಗೆ ಮಾಡಿದರೇನು? ಕಣ್ಣಳತೆಯ ಮುದುಕ ಅಚ್ಚಿನಳತೆಯ ಕಾರ್ಖಾನೆಗೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಗೋಲ್ಡ್ ಕಪ್ಪಿನವರೂ ಅದೇ ವರ್ಷ ನಿಯಮ ಬದಲಿಸಿ, ದೈತ್ಯ ವಿಮಾನ ಎಂಜಿನ್‌ಗಳನ್ನೂ ಮೆಟ್ಟಿಲು ತಳವನ್ನೂ ನಿಷೇಧಿಸಿದರು. ಎಂಜಿನ್ನಿನ ಗಾತ್ರ 625 ಘನ ಅಂಗುಲ ಮೀರಬಾರದೆಂದರು. 1922 ಮತ್ತು 1923ರಲ್ಲಿ ಆ ಹೊಸ ನಿಯಮದಡಿ ಗೆದ್ದ ದೋಣಿ ಪ್ಯಾಕರ್ಡ್ ಕ್ರಿಸ್‌ಕ್ರಾಫ್ಟ್, ಅದೂ ಸ್ಮಿತ್‌ನದೇ. ಹೀಗೆ 1914ರಿಂದ ಹತ್ತು ವರ್ಷ ಕಪ್ಪು ಬೇರೆಯವರ ದೋಣಿಗೆ ಹೋಗಲಿಲ್ಲ.

ಹೊಸ ಕಂಪನಿ ಮಾರಿದ್ದು ರನ್‌ಅಬೌಟ್ ಎಂಬ ಬಗೆಯ ವಿಹಾರದ ದೋಣಿಯನ್ನು, 26 ಅಡಿ ಉದ್ದದ್ದು. ಅದರ ಹೃದಯ ಕರ್ಟಿಸ್ ಓಎಕ್ಸ್-5 ಎಂಬ, ವಿ ಆಕಾರದಲ್ಲಿ ಎಂಟು ಸಿಲಿಂಡರುಗಳಿದ್ದ, 90 ಅಶ್ವಶಕ್ತಿಯ ಎಂಜಿನ್. ಮೊದಲ ಮಹಾಯುದ್ಧದಲ್ಲಿ ಪೈಲಟ್‌ಗಳ ತರಬೇತಿ ವಿಮಾನಕ್ಕಾಗಿ ರಾಶಿರಾಶಿಯಾಗಿ ತಯಾರಾಗಿ, ಯುದ್ಧ ಮುಗಿದ ಮೇಲೆ ಕೇಳುವವರಿಲ್ಲದೆ ಬಿದ್ದಿದ್ದ ಎಂಜಿನ್‌ಗಳನ್ನು ಅಗ್ಗಕ್ಕೆ ಕೊಂಡು, ನೀರಿಗೆ ಹೊಂದಿಸಿ ಕೂರಿಸಿದರು. 1920ರ ದಶಕದ ಸ್ಮಿತ್ ದೋಣಿಯನ್ನು ಗುರುತಿಸುವ ಬಗೆ ಹೀಗೆ. ಮುಂಗೊನೆ ಹೆಚ್ಚುಕಡಿಮೆ ನೆಟ್ಟಗೆ, ಕೊಡಲಿಯ ಬಾಯಿಯಂತೆ ನೀರಿಗೆ ಇಳಿದಿರುತ್ತದೆ. ಮೈ ಉದ್ದ, ಕಿರಿದು, ಮೇಲ್ಹಾಸು ಚಪ್ಪಟೆ. ಚಾಲಕ ಮುಂದೆ ಕೂರುತ್ತಾನೆ, ನಡುವೆ ಮುಚ್ಚಳದ ಕೆಳಗೆ ಎಂಜಿನ್, ಅದರ ಹಿಂದೆ ಇನ್ನೊಂದು ಆಸನದ ಗುಳಿ. ಗಾಳಿ ತಡೆಯುವ ಗಾಜು ನೆಟ್ಟಗೆ ನಿಂತ ಚಪ್ಪಟೆ ಹಲಗೆಯಂತಿರುತ್ತದೆ. ಲೋಹದ ಸಾಮಾನುಗಳಿಗೆ ನಿಕ್ಕಲ್ ಲೇಪ. ಅದರ ಹೊಳಪಿನಲ್ಲಿ ತುಸು ಹಳದಿ ಛಾಯೆ, ಬೆಚ್ಚನೆಯದು. ದಶಕ ತಿರುಗುವ ಹೊತ್ತಿಗೆ ಬಂದ ಕ್ರೋಮಿಯಂ ಲೇಪ ನೀಲಿಯತ್ತ ವಾಲುವ ತಣ್ಣನೆಯ ಹೊಳಪು. ಕಣ್ಣು ಒಮ್ಮೆ ಪಳಗಿದರೆ ಹತ್ತಡಿ ದೂರದಿಂದಲೇ ಇವೆರಡರ ಅಂತರ ತಿಳಿಯುತ್ತದೆ. ಆದರೆ ದುರಸ್ತಿ ಮಾಡುವವರು ಹಳೆಯ ನಿಕ್ಕಲ್ ಕೆರೆದು ಕ್ರೋಮ್ ಹಾಕಿಸುವುದು ಸಾಮಾನ್ಯ. ಆದ್ದರಿಂದ ಲೇಪವೊಂದನ್ನೇ ನಂಬಬಾರದು.

1924ರಿಂದ ಕ್ರಿಸ್-ಕ್ರಾಫ್ಟ್ ಎಂಬ ಹೆಸರು ಮಾರುಕಟ್ಟೆಯಲ್ಲಿ ನೆಲೆಯೂರಿತು. ಸಿರಿವಂತರು ಕೊಂಡರು, ಫೋರ್ಡ್‌ನೂ ಕೊಂಡ. ದಶಕದ ಕೊನೆಗೆ 22 ಅಡಿಯ ಕೆಡೆಟ್ ಎಂಬ ಅಗ್ಗದ ಮಾದರಿಯನ್ನು ಕಂತಿನ ಮೇಲೆ ಕೊಡತೊಡಗಿದರು. ಮಧ್ಯಮವರ್ಗದವನೂ ಮೋಟಾರು ದೋಣಿಯ ಒಡೆಯನಾಗಬಹುದೆಂಬ ಮಾತು ಅಮೆರಿಕದಲ್ಲಿ ಕೇಳಿಬಂದದ್ದು ಹೀಗೆ. ಅದು ಪಾನನಿಷೇಧದ ಕಾಲವೂ ಹೌದು. ಕೆನಡಾದ ಮದ್ಯ ರಾತ್ರೋರಾತ್ರಿ ಡೆಟ್ರಾಯಿಟ್ ಮತ್ತು ಸೇಂಟ್ ಕ್ಲೇರ್ ನದಿಗಳನ್ನು ದಾಟುತ್ತಿತ್ತು. ಕಳ್ಳರಿಗೂ ವೇಗದ ದೋಣಿ ಬೇಕು, ಹಿಡಿಯುವವರಿಗೂ ಬೇಕು. ಇಂದು ಯಾರ ಹಳೆಯ ದೋಣಿಯನ್ನು ಕೇಳಿದರೂ ಅದು ಮದ್ಯ ಸಾಗಿಸಿದ್ದೇ ಎನ್ನುತ್ತಾರೆ. ಎಲ್ಲವೂ ನಿಜವಾದರೆ ಅಂದು ಊಟದ ದೋಣಿ, ವಿಹಾರದ ದೋಣಿ ಒಂದೂ ಇರಲಿಲ್ಲವೆನ್ನಬೇಕು.

ಇಲ್ಲಿ ಮರದ ಬಗ್ಗೆ ಎರಡು ಮಾತು. ಚೌಕಟ್ಟಿಗೆ ಓಕ್, ಹೊದಿಕೆಗೆ ಮಹೋಗನಿ. ಬೆಂಗಳೂರಿನ ಹಳೆಯ ಬಡಾವಣೆಗಳ ಸಾಲುಮರಗಳಲ್ಲಿ ನಾವು ಕಂಡಿರುವ, ಮರದ ಬೋಗುಣಿಯಂತೆ ಒಡೆಯುವ ಕಾಯಿಯ ಮಹೋಗನಿಯ ಬಂಧುವೇ ಮಧ್ಯ ಅಮೆರಿಕದ ಹೊಂಡುರಾಸ್ ಮಹೋಗನಿ. ಫಿಲಿಪ್ಪೀನ್ಸ್ ಮಹೋಗನಿ ಎಂದು ಮಾರುವುದನ್ನೂ ಸ್ಮಿತ್ ಕಾರ್ಖಾನೆ ಧಾರಾಳವಾಗಿ ಬಳಸಿತು. ಹೆಸರು ಮಹೋಗನಿಯಾದರೂ ಅದು ನಮ್ಮ ಸಾಲವೃಕ್ಷದ ಕುಲಕ್ಕೆ ಸೇರಿದ ಮರ. ತಳವನ್ನು ಎರಡು ಪದರಗಳಲ್ಲಿ ಕಟ್ಟುತ್ತಿದ್ದರು: ಒಳಪದರದ ಹಲಗೆಗಳು ಓರೆಯಾಗಿ, ಹೊರಪದರದವು ಉದ್ದಕ್ಕೆ, ನಡುವೆ ಅಂಟು ಮೆತ್ತಿದ ಕ್ಯಾನ್ವಾಸ್ ಬಟ್ಟೆ. ಚಳಿಗಾಲವೆಲ್ಲ ನೆಲದ ಮೇಲೆ ಒಣಗಿದ ದೋಣಿಯನ್ನು ವಸಂತದಲ್ಲಿ ನೀರಿಗಿಳಿಸಿದಾಗ ಮೊದಲ ಒಂದೆರಡು ದಿನ ಸೋರುತ್ತದೆ. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಕೊಳೆಯುವುದು ಸಾಮಾನ್ಯವಾಗಿ ತಳ. ಆದ್ದರಿಂದ ಇಂದು ಓಡುತ್ತಿರುವ ಬಹಳಷ್ಟು ಹಳೆಯ ದೋಣಿಗಳ ತಳ ಹೊಸದು, ಆಧುನಿಕ ಅಂಟಿನಿಂದ ಬೆಸೆದದ್ದು.

1930ರಲ್ಲಿ ಕಂಪನಿ ಕ್ರಿಸ್-ಕ್ರಾಫ್ಟ್ ಕಾರ್ಪೊರೇಶನ್ ಆಯಿತು. ಅಷ್ಟರಲ್ಲಿ ಶೇರುಪೇಟೆ ಕುಸಿದಿತ್ತು. ವಿಹಾರದ ದೋಣಿ ಯಾರಿಗೆ ಬೇಕು? ಕುಟುಂಬ ಉಳಿದುಕೊಂಡದ್ದು ಬೆಲೆ ಇಳಿಸಿ, ಚಿಕ್ಕ ಮಾದರಿಗಳನ್ನು ತಂದು. 1930ರ ದಶಕದ ಗುರುತುಗಳು ಈ ಇಕ್ಕಟ್ಟಿನಿಂದಲೇ ಹುಟ್ಟಿದವು. ಗಾಳಿತಡೆಯ ಗಾಜು ನಡುವೆ ಮಡಿಸಿದಂತೆ ವಿ ಆಕಾರ ತಾಳಿ ಹಿಂದಕ್ಕೆ ಓರೆಯಾಯಿತು. ಸಾಲು ಗುಳಿಗಳ ಐಷಾರಾಮದ ಜೊತೆಗೆ, ಮೇಲ್ಹಾಸನ್ನು ಕಡಿಮೆ ಮಾಡಿ ಹಿಂಭಾಗವನ್ನೆಲ್ಲ ತೆರೆದಿಟ್ಟು ನಡುವೆ ಪೆಟ್ಟಿಗೆಯೊಳಗೆ ಎಂಜಿನ್ ಇಟ್ಟ ಯುಟಿಲಿಟಿ ಬಗೆ ಬಂತು. ಮೀನು ಹಿಡಿಯಲೂ ಅದೇ, ಮಕ್ಕಳನ್ನು ತಿರುಗಾಡಿಸಲೂ ಅದೇ. ಹಳೆಯ ವಿಮಾನ ಎಂಜಿನ್‌ಗಳ ಜಾಗದಲ್ಲಿ ಕಾಲಕ್ರಮೇಣ ಹರ್ಕ್ಯುಲಿಸ್ ಕಂಪನಿಯ ಆಧಾರದ ಆರು ಸಿಲಿಂಡರಿನ ಸಣ್ಣ ಎಂಜಿನ್‌ಗಳು ಕೂತವು. ದಶಕ ಮುಂದುವರಿದಂತೆ ಕಾರು, ರೈಲು, ವಿಮಾನಗಳಿಗೆ ಬಂದ ನೀರ್ಹನಿಯ ನುಣುಪು ದೋಣಿಗೂ ಬಂತು. ನೆಟ್ಟನೆಯ ಮೂಗು ದುಂಡಗಾಯಿತು, ಮೂಲೆಗಳು ಕರಗಿದವು.

ಈ ಹೊತ್ತಿಗೆ ವಿನ್ಯಾಸ ಸ್ಮಿತ್‌ನ ಕೈಯಲ್ಲಿರಲಿಲ್ಲ. 1920ರ ದಶಕದಲ್ಲೇ ಸೇರಿದ್ದ ವಿಲಿಯಂ ಮೆಕೆರರ್ ಎಂಬಾತ ರೂಪವನ್ನೂ ಉತ್ಪಾದನೆಯನ್ನೂ ನೋಡಿಕೊಳ್ಳುತ್ತಿದ್ದ. ಜೇ ಕಂಪನಿಯನ್ನು ನಡೆಸುತ್ತಿದ್ದ. ಕಣ್ಣಳತೆಯ ಕಾಲ ಮುಗಿದಿತ್ತು. ಅಚ್ಚಿನಂತೆ ಕಟ್ಟುವುದೆಂದರೆ ಕಟ್ಟುವವನೂ ಅಚ್ಚಿನ ಭಾಗವಾಗುವುದು. ಕಾರ್ಮಿಕರಿಗೆ ಅದು ಹಿತವಾಗಿರಲಿಲ್ಲ. 1937ರಲ್ಲಿ ಅಲ್ಗೋನಾಕ್ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಒಂದು ಕಾಲಕ್ಕೆ ಒಲೆಯ ಸುತ್ತ ಕೂತು ಒಟ್ಟಿಗೆ ಕೆಲಸ ಮಾಡುತ್ತಿದ್ದ ಊರಿನ ಮಂದಿ ಮತ್ತು ಸ್ಮಿತ್ ಮನೆತನ ಎದುರುಬದುರಾದರು. ಆಮೇಲೆ ಕಂಪನಿ ಒಂದೇ ಊರನ್ನು ನೆಚ್ಚದೆ, ಮಿಶಿಗನ್‌ನ ಮತ್ತೊಂದು ಬದಿಯ ಹಾಲೆಂಡ್ ಎಂಬ ಪಟ್ಟಣದಲ್ಲಿ, ಬಳಿಕ ಕ್ಯಾಡಿಲಾಕ್‌ನಲ್ಲಿ ಕಾರ್ಖಾನೆ ತೆರೆಯಿತು. ಹುಟ್ಟೂರನ್ನು ಬಿಟ್ಟು ಕದಲದ ಮುದುಕನಿಗೆ ಇದು ಹೇಗೆ ಕಂಡಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1939ರ ಸೆಪ್ಟೆಂಬರ್ 9ರಂದು ಸ್ಮಿತ್ ತೀರಿಕೊಂಡ. ವಯಸ್ಸು 78. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಎಂಟು ದಿನವಾಗಿತ್ತು. ಅದೇ ವರ್ಷ ಕಂಪನಿ ಹೊರತಂದ ಮಾದರಿಯನ್ನು ಇಂದು ಬ್ಯಾರಲ್‌ಬ್ಯಾಕ್ ಎನ್ನುತ್ತಾರೆ: ಹಿಂಭಾಗದ ಎರಡೂ ಮಗ್ಗುಲು ಪೀಪಾಯಿಯ ಹೊಟ್ಟೆಯಂತೆ ಒಳಕ್ಕೆ ದುಂಡಾಗಿ ಬಾಗಿ ಮೇಲ್ಹಾಸಿನೊಡನೆ ಬೆರೆತುಹೋಗುವ ರೂಪ. 1942ರವರೆಗೆ ಮಾತ್ರ ಅದನ್ನು ಕಟ್ಟಿದರು. ಆಮೇಲೆ ಯುದ್ಧದ ಕೆಲಸ. ಅಮೆರಿಕದ ಮರದ ದೋಣಿಗಳಲ್ಲಿ ಇದಕ್ಕಿಂತ ಚೆಲುವಾದದ್ದು ಇಲ್ಲವೆಂದು ಹೇಳುವವರುಂಟು. ನನ್ನ ಒಲವು 20ರ ದಶಕದ ನೆಟ್ಟಮೂಗಿನದರ ಕಡೆಗೇ.

ನನಗೆ ಪರಿಚಯವಿದ್ದ ಒಬ್ಬ ವೃದ್ಧರು ಒಮ್ಮೆ ತಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿದ್ದ 17 ಅಡಿಯ ಕ್ರಿಸ್-ಕ್ರಾಫ್ಟ್ 1939ರದೆಂದೂ, ಸ್ಮಿತ್ ಬದುಕಿದ್ದಾಗ ಕಟ್ಟಿದ ಕೊನೆಯ ದೋಣಿಗಳಲ್ಲೊಂದೆಂದೂ ಹೇಳಿ ಯಾರೋ ಮಾರಿದ್ದರು. ಅವರು ಅದಕ್ಕೆ ತಕ್ಕ ಬೆಲೆಯನ್ನೇ ತೆತ್ತಿದ್ದರು. ಈಗ ಮೊಮ್ಮಗಳಿಗೆ ಬಿಟ್ಟುಹೋಗುವ ಮುನ್ನ ಖಚಿತ ಮಾಡಿಕೊಳ್ಳಬೇಕಿತ್ತು. ನಾನು ಕ್ರಮವಾಗಿ ನೋಡಿದೆ. ತಳ ಹೊಸದು, ಏನನ್ನೂ ಹೇಳದು. ಲೇಪ ಹೊಸದು. ಹಿಂಭಾಗದಲ್ಲಿ ಪೀಪಾಯಿಯ ಬಾಗಿಲ್ಲ. ಅದೊಂದರಿಂದ ತೀರ್ಮಾನಿಸಲಾಗದು, ಬೇರೆ ಮಾದರಿಗಳೂ ಇದ್ದವು. ಕೊನೆಗೆ ಎಂಜಿನ್ ಮುಚ್ಚಳವನ್ನು ಮಗುಚಿ ದೀಪ ಹಿಡಿದಾಗ, ವಾರ್ನಿಷ್‌ನಡಿ ಮರಕ್ಕೆ ಒತ್ತಿದ ಒಡಲ ಸಂಖ್ಯೆ ಕಾಣಿಸಿತು. ಮುಚ್ಚಳ ಬೇರೆ ದೋಣಿಯದಿರಬಹುದೆಂದು ಒಳಗಿನ ಮರದ ಮೇಲೂ ಹುಡುಕಿದೆ; ಅಲ್ಲಿಯೂ ಅದೇ. ಯುದ್ಧಪೂರ್ವದ ಸಂಖ್ಯೆಗಳು ಬರಿಯ ಅಂಕಿಗಳು. ಯುದ್ಧಾನಂತರ ಮಾದರಿಯನ್ನು ಸೂಚಿಸುವ ಅಕ್ಷರ, ಅಡಿಯ ಉದ್ದ, ಆಮೇಲೆ ಕ್ರಮಾಂಕ ಬರುತ್ತವೆ. ಇದರಲ್ಲಿ ಅಕ್ಷರವಿತ್ತು, 17 ಇತ್ತು. ಸ್ಮಿತ್ ಸತ್ತು ಕೆಲವು ವರ್ಷಗಳ ಮೇಲೆ ಹುಟ್ಟಿದ ದೋಣಿ ಅದು. ರೋಗಿಗೆ ಕೆಟ್ಟ ಸುದ್ದಿ ಹೇಳುವುದನ್ನು ನನ್ನ ವೃತ್ತಿ ಕಲಿಸಿದೆ. ಮುಂದೆ ಕುಳಿತು, ಸುತ್ತಿ ಬಳಸದೆ ಹೇಳಿದೆ. ಅವರು ಬಹಳ ಹೊತ್ತು ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಸುಮ್ಮನಿದ್ದರು. ಆಮೇಲೆ, ಎಂಜಿನ್ನಾದರೂ ಮೂಲದ್ದೇ ಎಂದು ಕೇಳಿದರು. ಅದು ಮೂಲದ್ದೇ ಆಗಿತ್ತು.

ಯುದ್ಧಾನಂತರದ ದೋಣಿಗಳನ್ನು ಕೀಳೆಂದು ಬಗೆಯಬೇಕಿಲ್ಲ, ಅವು ಬೇರೆ. ಯುದ್ಧಕಾಲದಲ್ಲಿ ಕಂಪನಿ ಸೇನೆಗಾಗಿ ಸಾವಿರಾರು ದೋಣಿಗಳನ್ನು ಕಟ್ಟಿತ್ತು. ಶಾಂತಿ ಮರಳಿದಾಗ ಒಳ್ಳೆಯ ಮಹೋಗನಿ ಸಿಗುತ್ತಿರಲಿಲ್ಲ. ಆದ್ದರಿಂದ ಆ ಒಂದೆರಡು ವರ್ಷ ದೇವದಾರು ಜಾತಿಯ ಮರ ಬಳಸಿ, ಅದನ್ನು ವಾರ್ನಿಷ್‌ನಲ್ಲಿ ತೋರಿಸಲಾಗದೆ ಬಣ್ಣ ಬಳಿದ ದೋಣಿಗಳುಂಟು. ಹಳೆಯ ಕ್ರಿಸ್-ಕ್ರಾಫ್ಟ್‌ಗೆ ಮೂಲದಲ್ಲೇ ಬಣ್ಣ ಬಳಿದಿತ್ತೆಂಬುದು ಖಚಿತವಾದರೆ 1946ರ ಸುಮಾರಿನದೆಂದು ಮೊದಲ ಊಹೆ ಮಾಡಬಹುದು. 1950ರ ದಶಕದಲ್ಲಿ ಮೇಲ್ಹಾಸಿನ ಅಂಚುಗಳ ಮಹೋಗನಿಯನ್ನು ಬಿಳುಪಾಗಿಸಿ ಎರಡು ಬಣ್ಣದ ಚೆಲುವು ತಂದರು. 1955ರ ಕೋಬ್ರಾಕ್ಕೆ ಬೆನ್ನಿನ ಮೇಲೆ ಫೈಬರ್‌ಗ್ಲಾಸ್‌ನ ರೆಕ್ಕೆ ಬಂತು, ಅಂದಿನ ಕಾರುಗಳ ಬಾಲದಂತೆ. ಆ ರೆಕ್ಕೆಯೇ ಮುಂದಿನ ಕಾಲದ ಮುನ್ಸೂಚನೆ. 1960ರಲ್ಲಿ ಕುಟುಂಬ ಕಂಪನಿಯನ್ನು 4 ಕೋಟಿ ಡಾಲರಿಗೆ ಮಾರಿತು. ಹೊಸ ಒಡೆಯರ ಕೈಯಲ್ಲಿ ಫೈಬರ್‌ಗ್ಲಾಸ್ ಮರವನ್ನು ಹಂತಹಂತವಾಗಿ ಹೊರದಬ್ಬಿತು. 1970ರ ದಶಕದ ಆರಂಭಕ್ಕೆ ಕ್ರಿಸ್-ಕ್ರಾಫ್ಟ್‌ನಲ್ಲಿ ಮರದ ಕೆಲಸ ನಿಂತುಹೋಯಿತು.

ಅಲ್ಗೋನಾಕ್ ಕಾರ್ಖಾನೆಯಿಂದ ಹೊರಟ ದೋಣಿಗಳಿಗೆ ಒಂದೊಂದು ಚೀಟಿ ಬರೆಯುತ್ತಿದ್ದರು: ಒಡಲ ಸಂಖ್ಯೆ, ಎಂಜಿನ್ ಸಂಖ್ಯೆ, ಮೈಬಣ್ಣ, ಆಸನದ ಹೊದಿಕೆ, ಹೊರಟ ದಿನ, ಯಾವ ವ್ಯಾಪಾರಿಗೆ ಹೋಯಿತೆಂಬುದು. ಜನನ ಪ್ರಮಾಣಪತ್ರವೆಂದೇ ನಾನು ಅದನ್ನು ಕರೆಯುತ್ತೇನೆ. ಆ ಚೀಟಿಗಳ ಸಂಗ್ರಹ ಈಗ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿದೆ. ಸಂಖ್ಯೆ ತಿಳಿದವರು ಬರೆದು ಕೇಳಿದರೆ ಪ್ರತಿ ಪಡೆಯಬಹುದು. ಆ ವೃದ್ಧರೂ ತರಿಸಿಕೊಂಡರು. ಈಗ ದೋಣಿಯ ಜೊತೆಗೆ ಅದರ ಪ್ರತಿಯೂ ಮೊಮ್ಮಗಳ ಬಳಿಯಿದೆ.